ಡ್ರಿಪ್ ತೋಟಕ್ಕೆ ಮಣ್ಣಿನ ಸೆನ್ಸರ್: ನೀರು, ಬ್ಯಾಟರಿ ಎರಡನ್ನೂ ಉಳಿಸುವ ಸಮಗ್ರ ಮಾರ್ಗದರ್ಶಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಅಷ್ಟು ಆಳದಿಂದ ಎತ್ತಿದ ನೀರನ್ನು ಡ್ರಿಪ್‌ನಲ್ಲೇ ಬಿಡುತ್ತೇವೆ, ನಿಜ. ಆದರೆ ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿ ಬಿಟ್ಟಿರುತ್ತೇವೆ. ತ್ರೀಫೇಸ್ ಕರೆಂಟ್ ಬಂದರೆ ಮೋಟರ್ ಓಡುತ್ತದೆ, ಹೋದರೆ ನಿಲ್ಲುತ್ತದೆ. ಗಿಡಕ್ಕೆ ಇವತ್ತು ನೀರು ಬೇಕಿತ್ತಾ, ಎಷ್ಟು ಬೇಕಿತ್ತು ಅಂತ ಕೇಳುವವರೇ ಇಲ್ಲ.

ಅದನ್ನು ಕೇಳಲು ಮಣ್ಣಿನಲ್ಲಿ ಸೆನ್ಸರ್ ಹೂಳುವವರು ಈಗ ಜಾಸ್ತಿಯಾಗಿದ್ದಾರೆ. ಒಳ್ಳೆಯದೇ. ಆದರೆ ಸೆನ್ಸರ್ ಕೊಡುವ ಸಂಖ್ಯೆ ಒಂದೇ ಕಡೆ ನಿಲ್ಲುವುದಿಲ್ಲ, ಮೇಲೆ ಕೆಳಗೆ ಕುಣಿಯುತ್ತದೆ. ಆ ಕುಣಿತ ನಿಲ್ಲಿಸಲು ಸರಾಸರಿ ತೆಗೆಯುತ್ತೇವೆ. ಸರಾಸರಿ ಜಾಸ್ತಿಯಾದಷ್ಟೂ ಗ್ರಾಫ್ ನಯವಾಗುತ್ತದೆ, ಜೊತೆಗೆ ತಡವೂ ಆಗುತ್ತದೆ. ಅಷ್ಟು ಹೊತ್ತು ವಾಲ್ವ್ ತೆರೆದೇ ಇರುತ್ತದೆ. ಅಂದರೆ ಸೆನ್ಸರ್ ಸಂಖ್ಯೆಗಳನ್ನು ಕೋಡ್ ಬರೆದು ಸೋಸುವ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ ನೀವು ಮಾಡುವ ಪ್ರತಿ ಆಯ್ಕೆಗೂ ಲೀಟರ್‌ನಲ್ಲಿ ಒಂದು ಬೆಲೆ ಇದೆ. ಆ ಬೆಲೆ ಗೊತ್ತಿದ್ದರೆ ಕೋಡ್ ಬರೆಯುವುದೂ ಸುಲಭ, ನೀರು ಉಳಿಸುವುದೂ ಸುಲಭ.

ಲೆಕ್ಕ ಕಣ್ಣಿಗೆ ಕಾಣಲಿ ಅಂತ ಒಂದು ತೋಟವನ್ನು ಇಟ್ಟುಕೊಳ್ಳೋಣ. ಕೆಂಪು ಮಣ್ಣು, 20 ಗುಂಟೆ ಟೊಮೆಟೊ. ಸಾಲಿನಿಂದ ಸಾಲಿಗೆ 1.5 ಮೀಟರ್. ಸಾಲಿನುದ್ದಕ್ಕೂ ಹೋಗುವ ಡ್ರಿಪ್ ಪೈಪಿನಲ್ಲಿ, ಅಂದರೆ ಇನ್‌ಲೈನ್ ಲ್ಯಾಟರಲ್‌ನಲ್ಲಿ 40 ಸೆಂ.ಮೀ.ಗೆ ಒಂದು ಡ್ರಿಪ್ಪರ್, ಗಂಟೆಗೆ 2 ಲೀಟರ್. ನಿಮ್ಮ ತೋಟದ ಅಳತೆ ಬೇರೆ ಇದ್ದರೆ ಸಂಖ್ಯೆ ಬದಲಾಗುತ್ತದೆ, ದಾರಿ ಬದಲಾಗುವುದಿಲ್ಲ.

ಹಂತ 1: ಸೆನ್ಸರ್‌ಗೂ ಮೊದಲು ಡ್ರಿಪ್ಪರ್ ನೋಡಿ

ಡ್ರಿಪ್ ಸಮವಾಗಿ ನೀರು ಕೊಡದಿದ್ದರೆ ಯಾವ ಸೆನ್ಸರ್ ಇಟ್ಟರೂ ಪ್ರಯೋಜನವಿಲ್ಲ. ಸೆನ್ಸರ್ ಇಟ್ಟ ಗಿಡದ ಕಥೆ ಒಂದು, ಸಾಲಿನ ಕೊನೆಯ ಗಿಡದ ಕಥೆ ಇನ್ನೊಂದು ಆಗುತ್ತದೆ.

ತೋಟದ ಬೇರೆ ಬೇರೆ ಕಡೆ 16 ಡ್ರಿಪ್ಪರ್ ಆರಿಸಿ. ಸಬ್‌ಮೇನ್ (ಲ್ಯಾಟರಲ್‌ಗಳಿಗೆ ನೀರು ಕೊಡುವ ಪೈಪ್) ಹತ್ತಿರ ಕೆಲವು, ನಡುವೆ ಕೆಲವು, ತುದಿಯಲ್ಲಿ ಕೆಲವು. ಪ್ರತಿಯೊಂದರ ಕೆಳಗೂ ಸ್ವಲ್ಪ ಮಣ್ಣು ಬಗೆದು ಡಬ್ಬಿ ಇಡಿ. 15 ನಿಮಿಷ ನೀರು ಬಿಟ್ಟರೆ ಒಂದೊಂದರಲ್ಲೂ 500 ಮಿ.ಲೀ. ಬರಬೇಕು. ಈಗ ಅತಿ ಕಡಿಮೆ ಬಂದ 4 ಡಬ್ಬಿಗಳ ಸರಾಸರಿಯನ್ನು 16 ಡಬ್ಬಿಗಳ ಸರಾಸರಿಯಿಂದ ಭಾಗಿಸಿ. ಅದು 0.9ರ ಮೇಲಿದ್ದರೆ ತುಂಬಾ ಚೆನ್ನಾಗಿದೆ. 0.8ಕ್ಕಿಂತ ಕೆಳಗಿದ್ದರೆ ಸೆನ್ಸರ್ ಕೆಲಸ ಬದಿಗಿಟ್ಟು ಫಿಲ್ಟರ್ ತೊಳೆಯಿರಿ, ಲ್ಯಾಟರಲ್ ತುದಿ ಬಿಚ್ಚಿ ನೀರು ಹಾಯಿಸಿ. ಬಿಳಿ ಉಪ್ಪು ಕಟ್ಟಿದ್ದರೆ ಆ್ಯಸಿಡ್ ಟ್ರೀಟ್‌ಮೆಂಟ್ ಬೇಕಾಗುತ್ತದೆ. ಅದನ್ನು ಗೊತ್ತಿರುವವರ ಕೈಲೇ ಮಾಡಿಸಿ.

ಹಂತ 2: ದಿನಕ್ಕೆ ಎಷ್ಟು ನೀರು, ಕಾಗದದ ಮೇಲೆ

ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ನೀರು ಅಂದರೆ 1 ಲೀಟರ್. ಒಂದು ಗುಂಟೆ ಸುಮಾರು 101 ಚದರ ಮೀಟರ್. ಹಾಗಾಗಿ ಗುಂಟೆಗೆ 1 ಮಿ.ಮೀ. ಎಂದರೆ 101 ಲೀಟರ್. ಇದೊಂದು ನೆನಪಿದ್ದರೆ ಉಳಿದ ಲೆಕ್ಕ ತಾನಾಗಿ ಬರುತ್ತದೆ.

ನಮ್ಮ ತೋಟದಲ್ಲಿ ಒಂದು ಡ್ರಿಪ್ಪರ್ ನೋಡಿಕೊಳ್ಳುವ ಜಾಗ 1.5 × 0.4 = 0.6 ಚದರ ಮೀಟರ್. 20 ಗುಂಟೆಗೆ ಸುಮಾರು 3,370 ಡ್ರಿಪ್ಪರ್. ಗಂಟೆಗೆ ಸುಮಾರು 6,740 ಲೀಟರ್, ಅಂದರೆ ಗಂಟೆಗೆ 3.3 ಮಿ.ಮೀ. ಬೋರ್‌ನಲ್ಲಿ ಅಷ್ಟು ನೀರಿಲ್ಲದಿದ್ದರೆ ತೋಟವನ್ನು ಎರಡು ಭಾಗ ಮಾಡಿ ಸರದಿಯಲ್ಲಿ ಬಿಡಿ.

ಬೆಳೆಗೆ ಬೇಕಾದ ನೀರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಕೋಷ್ಟಕ ಇದೆ. ಟೊಮೆಟೊ ಸಸಿ ಚಿಕ್ಕದಿದ್ದಾಗ ಗುಣಕ 0.6, ಹೂವು-ಕಾಯಿ ತುಂಬಿದಾಗ 1.15. ಬಿಸಿಲು-ಗಾಳಿಗೆ ದಿನಕ್ಕೆ 5 ಮಿ.ಮೀ. ಆರುವ ದಿನ ಅಂತ ಇಟ್ಟುಕೊಳ್ಳಿ. ಸಸಿಗೆ 3 ಮಿ.ಮೀ., ತುಂಬಿದ ಗಿಡಕ್ಕೆ 5.75 ಮಿ.ಮೀ. ಡ್ರಿಪ್‌ನಲ್ಲೂ ಹತ್ತರಲ್ಲಿ ಒಂದು ಪಾಲು ಹೋಗುತ್ತದೆ ಅಂತ ಹಿಡಿದು 0.9ರಿಂದ ಭಾಗಿಸಿದರೆ 3.3 ಮತ್ತು 6.4 ಮಿ.ಮೀ. ಸಮಯದಲ್ಲಿ ಹೇಳುವುದಾದರೆ ಸಸಿಗೆ 1 ಗಂಟೆ, ಕಾಯಿ ಹಿಡಿದ ಗಿಡಕ್ಕೆ ಹೆಚ್ಚುಕಡಿಮೆ 1 ಗಂಟೆ 55 ನಿಮಿಷ.

ನಾಟಿ ಮಾಡಿದ ವಾರದಿಂದ ಕೊನೆ ಕಟಾವಿನವರೆಗೂ ಒಂದೇ ಟೈಮರ್ ಇಟ್ಟವರು ಇಲ್ಲೇ ಎಷ್ಟು ನೀರು ಕಳೆದುಕೊಳ್ಳುತ್ತಾರೆ ನೋಡಿ. ಸೆನ್ಸರ್ ಇಲ್ಲದೆಯೂ ಈ ಒಂದು ಹಂತವನ್ನು ಇವತ್ತೇ ಮಾಡಬಹುದು.

ಹಂತ 3: ಸೆನ್ಸರ್ ಆರಿಸುವುದು, ಹೂಳುವುದು

ಎರಡು ಲೋಹದ ಕಡ್ಡಿ ಇರುವ ಅಗ್ಗದ ರೆಸಿಸ್ಟಿವ್ ಸೆನ್ಸರ್ ಬೇಡ. ಕರೆಂಟ್ ಹರಿದು ಕಡ್ಡಿ ಸವೆಯುತ್ತದೆ, ಗೊಬ್ಬರ ಹಾಕಿದಾಗ ಉಪ್ಪಿನಂಶಕ್ಕೆ ರೀಡಿಂಗ್ ಎಲ್ಲೋ ಹೋಗುತ್ತದೆ. ಕಪ್ಪು ಪಟ್ಟಿಯ ಕೆಪ್ಯಾಸಿಟಿವ್ ಸೆನ್ಸರ್ ತೆಗೆದುಕೊಳ್ಳಿ. ಕೊಂಡ ಕೂಡಲೇ ಒಂದು ಪರೀಕ್ಷೆ ಮಾಡಿ: ಲೋಟದ ನೀರಿನಿಂದ ಮೇಲೆತ್ತಿ ಒರೆಸಿ. ರೀಡಿಂಗ್ ಒಂದೆರಡು ಸೆಕೆಂಡಿನಲ್ಲಿ ಬದಲಾಗಬೇಕು. ನಿಧಾನಕ್ಕೆ ತೆವಳುತ್ತಾ ಹೋದರೆ ಆ ಪೀಸ್ ವಾಪಸ್ ಕೊಡಿ.

ಪಟ್ಟಿಯ ಮೇಲ್ತುದಿಯಲ್ಲಿರುವ ಭಾಗಗಳಿಗೆ, ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಬಳಿದು ಒಣಗಿಸಿ. ಅಂಚಿನಿಂದ ತೇವ ಒಳಗೆ ಇಳಿದರೆ ರೀಡಿಂಗ್ ತಿಂಗಳುಗಟ್ಟಲೆ ನಿಧಾನಕ್ಕೆ ಜಾರುತ್ತಾ ಹೋಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಒಂದು ಜಾಗಕ್ಕೆ ಎರಡು ಸೆನ್ಸರ್ ಬೇಕು: 15 ಸೆಂ.ಮೀ. ಆಳದಲ್ಲಿ ಒಂದು, 30 ಸೆಂ.ಮೀ. ಆಳದಲ್ಲಿ ಇನ್ನೊಂದು. ಡ್ರಿಪ್ಪರ್‌ನ ನೇರ ಕೆಳಗೆ ಬೇಡ, 10ರಿಂದ 15 ಸೆಂ.ಮೀ. ಪಕ್ಕಕ್ಕೆ ಇರಲಿ. ಗುಂಡಿ ತೋಡಿ, ಅದರ ಗೋಡೆಗೆ ಪಟ್ಟಿಯನ್ನು ಅಂಚು ಮೇಲೆ ಬರುವ ಹಾಗೆ ಅಡ್ಡಲಾಗಿ ಚುಚ್ಚಿ. ಮಲಗಿಸಿದರೆ ಅದರ ಮೇಲೆ ನೀರು ನಿಲ್ಲುತ್ತದೆ. ತೆಗೆದ ಮಣ್ಣನ್ನು ಅದೇ ಕ್ರಮದಲ್ಲಿ ತುಂಬಿ ಅದುಮಿ. ಪಟ್ಟಿಗೂ ಮಣ್ಣಿಗೂ ನಡುವೆ ಗಾಳಿ ಉಳಿದರೆ ಸೆನ್ಸರ್ ಅಳೆಯುವುದು ಗಾಳಿಯನ್ನೇ. ಮೊದಲ ಎರಡು ಮೂರು ನೀರಿನವರೆಗೆ ರೀಡಿಂಗ್ ನಂಬಬೇಡಿ, ಮಣ್ಣು ಕೂರಲಿ.

ಹಂತ 4: ನಿಮ್ಮ ಮಣ್ಣಿಗೆ ಕ್ಯಾಲಿಬ್ರೇಶನ್

ಇಂಟರ್‌ನೆಟ್‌ನಲ್ಲಿ ಸಿಗುವ ಸಂಖ್ಯೆ ನಕಲು ಮಾಡಿದರೆ ಆಗದು. ಒಂದೇ ಪ್ಯಾಕೆಟ್‌ನ ಎರಡು ಸೆನ್ಸರ್ ಕೂಡ ಬೇರೆ ಬೇರೆ ಸಂಖ್ಯೆ ಕೊಡುತ್ತವೆ. ಪ್ರತಿಯೊಂದಕ್ಕೂ ಎರಡು ಗುರುತು ಬೇಕು: ಮಣ್ಣು ಹದವಾಗಿ ತುಂಬಿದ ಗುರುತು, ಗಿಡ ಬಾಡುವ ಗುರುತು.

ಮೊದಲನೆಯದು ಸುಲಭ. ಸೆನ್ಸರ್ ಇರುವ ಜಾಗಕ್ಕೆ ಚೆನ್ನಾಗಿ ನೀರು ಬಿಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಸಿ. ಹೆಚ್ಚಿನ ನೀರು ತಾನಾಗಿ ಇಳಿಯಲಿ. ಕೆಂಪು ಮಣ್ಣಿಗೆ ಒಂದು ದಿನ ಸಾಕು, ಎರೆ ಮಣ್ಣಿಗೆ ಎರಡು ಮೂರು ದಿನ ಬೇಕು. ಆಗ ಬರುವ ರೀಡಿಂಗ್ ಹದದ ಗುರುತು.

ಬಾಡುವ ಗುರುತಿಗೆ ತೋಟದ ಗಿಡವನ್ನು ಸಾಯಿಸಬೇಕಿಲ್ಲ. ಸೆನ್ಸರ್ ಹೂಳುವ ಮೊದಲೇ, ಅದೇ ಮಣ್ಣು ತುಂಬಿದ ಕುಂಡದಲ್ಲಿ ಒಂದು ಸಸಿ ಬೆಳೆಸಿ, ಸೆನ್ಸರ್ ಚುಚ್ಚಿ, ನೀರು ನಿಲ್ಲಿಸಿ. ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡರೆ ಲೆಕ್ಕಕ್ಕಿಲ್ಲ. ರಾತ್ರಿ ಕಳೆದು ಬೆಳಿಗ್ಗೆಯೂ ಎಲೆ ಜೋತೇ ಬಿದ್ದಿದ್ದರೆ ಆ ರೀಡಿಂಗ್ ಬರೆದುಕೊಳ್ಳಿ.

ಈ ಸೆನ್ಸರ್‌ನಲ್ಲಿ ಒದ್ದೆಯಾದಷ್ಟೂ ಸಂಖ್ಯೆ ಇಳಿಯುತ್ತದೆ. ಸೆನ್ಸರ್ ಓದುವ ಇಎಸ್‌ಪಿ32 ಎಂಬ ಸಣ್ಣ ಬೋರ್ಡಿನ ಎಡಿಸಿ (ವೋಲ್ಟೇಜನ್ನು ಸಂಖ್ಯೆ ಮಾಡುವ ಭಾಗ) 0ರಿಂದ 4,095ರವರೆಗೆ ಎಣಿಸುತ್ತದೆ. ಉದಾಹರಣೆಗೆ ಹದಕ್ಕೆ 1,650, ಬಾಡುವುದಕ್ಕೆ 2,450 ಬಂತು ಅನ್ನಿ. ನಡುವಿನ 800 ನಿಮ್ಮ ಗಿಡದ ನೀರಿನ ಖಾತೆ. ಟೊಮೆಟೊಗೆ ಅದರಲ್ಲಿ ನೂರಕ್ಕೆ 40 ಭಾಗ ಖರ್ಚಾಗುವುದರೊಳಗೆ ಮತ್ತೆ ನೀರು ಕೊಡಬೇಕು. ಅಂದರೆ 1,650 + 320 = 1,970. 15 ಸೆಂ.ಮೀ. ಆಳದ ಸೆನ್ಸರ್ ಈ ಸಂಖ್ಯೆ ದಾಟಿದರೆ ಮೋಟರ್ ಶುರು. ನಡುವಿನ ಗೆರೆ ಪೂರ್ತಿ ನೇರ ಇರುವುದಿಲ್ಲ, ಆದರೆ ನೀರು ಬಿಡಬೇಕಾ ಬೇಡವಾ ಅಂತ ತೀರ್ಮಾನಿಸಲು ಇಷ್ಟು ಸಾಕು.

ಹಂತ 5: ರೀಡಿಂಗ್ ತೆಗೆದುಕೊಳ್ಳುವ ರೀತಿ

ಸೆನ್ಸರ್‌ಗೆ ಸದಾ ಕರೆಂಟ್ ಕೊಡಬೇಡಿ. ಬೋರ್ಡಿನ ಒಂದು ಪಿನ್‌ನಿಂದ ಕೊಡಿ, ರೀಡಿಂಗ್ ಹೊತ್ತಿಗೆ ಮಾತ್ರ. ಕೊಟ್ಟ ತಕ್ಷಣ ಓದಬೇಡಿ, 300 ಮಿಲಿಸೆಕೆಂಡ್ ಕಾಯಿರಿ. ಇಎಸ್‌ಪಿ32ರಲ್ಲಿ ಎಡಿಸಿ1ರ ಪಿನ್‌ಗಳನ್ನೇ ಬಳಸಿ. ವೈಫೈ ಆನ್ ಇದ್ದಾಗ ಎಡಿಸಿ2 ಸಿಗುವುದಿಲ್ಲ.

ಪಂಪ್‌ಹೌಸ್ ಹತ್ತಿರ ಉದ್ದನೆಯ ವೈರ್ ಎಳೆದಿದ್ದರೆ ಅದರೊಳಗೆ ಮೇನ್ಸ್‌ನ 50 ಹರ್ಟ್ಸ್ ಸೇರಿಕೊಳ್ಳುತ್ತದೆ. ಇದನ್ನು ತೆಗೆಯಲು ದೊಡ್ಡ ಫಿಲ್ಟರ್ ಬರೆಯುವವರಿದ್ದಾರೆ. ಅದರ ಅಗತ್ಯವೇ ಇಲ್ಲ. 50 ಹರ್ಟ್ಸ್‌ನ ಒಂದು ಅಲೆ 20 ಮಿಲಿಸೆಕೆಂಡ್. ಒಂದೊಂದು ಮಿಲಿಸೆಕೆಂಡಿಗೆ ಒಂದರಂತೆ ಸರಿಯಾಗಿ 20 ರೀಡಿಂಗ್ ತೆಗೆದು ಸರಾಸರಿ ಮಾಡಿ. ಅಲೆಯ ಮೇಲಿನ ಅರ್ಧ ಕೆಳಗಿನ ಅರ್ಧವನ್ನು ಹೊಡೆದುಹಾಕುತ್ತದೆ. ಸುಮ್ನೆ 13 ರೀಡಿಂಗ್ ಅಥವಾ ಗಡಿಬಿಡಿಯಲ್ಲಿ 100 ರೀಡಿಂಗ್ ತೆಗೆದರೆ ಈ ಲಾಭ ಸಿಗುವುದಿಲ್ಲ. ಎಷ್ಟು ಸ್ಯಾಂಪಲ್ ಅನ್ನುವುದಕ್ಕಿಂತ ಎಷ್ಟು ಹೊತ್ತಿನಲ್ಲಿ ಹರಡಿದ ಸ್ಯಾಂಪಲ್ ಅನ್ನುವುದು ಮುಖ್ಯ.

ಇಂಥ 20ರ ಗುಂಪನ್ನು 5 ಸಲ ತೆಗೆಯಿರಿ. ಐದು ಸರಾಸರಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ಇಟ್ಟುಕೊಳ್ಳಿ. ಇದೇ ಮೀಡಿಯನ್ ಫಿಲ್ಟರ್. ಸ್ಟಾರ್ಟರ್ ಎಳೆದಾಗ ಬರುವ ಕಿಡಿಯಂಥ ಒಂದು ಕೆಟ್ಟ ರೀಡಿಂಗ್ ಸರಾಸರಿಯನ್ನು ಎಳೆದಾಡುತ್ತದೆ, ಮೀಡಿಯನ್‌ನಲ್ಲಿ ಅದು ಅಂಚಿಗೆ ಹೋಗಿ ಬಿದ್ದುಹೋಗುತ್ತದೆ. ಈ ಐದೂ ಗುಂಪಿಗೆ ಸೇರಿ 100 ಮಿಲಿಸೆಕೆಂಡ್ ಅಷ್ಟೇ.

ಹಂತ 6: ನಯ ಮಾಡುವ ಫಿಲ್ಟರ್, ಅದರ ತಡ

15 ನಿಮಿಷಕ್ಕೊಂದು ರೀಡಿಂಗ್ ಮಣ್ಣಿಗೆ ಧಾರಾಳ. ಬೇರಿನ ಆಳದ ತೇವ ಬದಲಾಗುವುದು ಗಂಟೆಗಳ ಲೆಕ್ಕದಲ್ಲಿ. ಸೆಕೆಂಡಿಗೊಂದು ಸಲ ಅಳೆದರೆ ಸಿಗುವುದು ನಾಯ್ಸ್ ಮಾತ್ರ.

ಈ ರೀಡಿಂಗ್‌ಗಳನ್ನು ನಯ ಮಾಡಲು ಹಿಂದಿನ ಎಲ್ಲವನ್ನೂ ನೆನಪಿಡಬೇಕಿಲ್ಲ. ಒಂದೇ ಸಂಖ್ಯೆ ಸಾಕು:

ಹೊಸ ಸರಾಸರಿ = ಹಳೆ ಸರಾಸರಿ + (ಹೊಸ ರೀಡಿಂಗ್ − ಹಳೆ ಸರಾಸರಿ) ÷ 8

8ರಿಂದ ಭಾಗಿಸುವುದು ಅಂದರೆ ಬಿಟ್‌ಗಳನ್ನು ಮೂರು ಸ್ಥಾನ ಬಲಕ್ಕೆ ಸರಿಸುವುದು. ಆರ್ಡುಯಿನೊ ಊನೊ ಎಂಬ ಇನ್ನೊಂದು ಬೋರ್ಡಿನ ಚಿಪ್‌ನಲ್ಲಿ ಭಾಗಾಕಾರಕ್ಕೆ ಹಾರ್ಡ್‌ವೇರ್ ಇಲ್ಲ, ದಶಮಾಂಶಕ್ಕೂ ಇಲ್ಲ. ಅಲ್ಲಿ ಇದು ದೊಡ್ಡ ಉಳಿತಾಯ. ಇಎಸ್‌ಪಿ32ರಲ್ಲಿ ಫ್ಲೋಟ್‌ಗೆ (ಸಾಮಾನ್ಯ ದಶಮಾಂಶ ಸಂಖ್ಯೆ) ಹಾರ್ಡ್‌ವೇರ್ ಇದೆ, ಡಬಲ್‌ಗೆ (ಹೆಚ್ಚು ನಿಖರ ದಶಮಾಂಶ ಸಂಖ್ಯೆ) ಇಲ್ಲ. ಕೋಡ್‌ನಲ್ಲಿ 0.125 ಅಂತ ಬರೆದು ಮುಂದೆ ಎಫ್ ಸೇರಿಸಲು ಮರೆತರೆ ಅದು ಡಬಲ್ ಆಗುತ್ತದೆ, ಲೆಕ್ಕ ಸಾಫ್ಟ್‌ವೇರ್‌ನಲ್ಲಿ ನಿಧಾನಕ್ಕೆ ನಡೆಯುತ್ತದೆ.

ಪೂರ್ಣಾಂಕದಲ್ಲಿ ಈ ಸೂತ್ರ ಹಾಕುವಾಗ ಒಂದು ಗುಂಡಿ ಇದೆ, ಹುಷಾರು. ವ್ಯತ್ಯಾಸ 8ಕ್ಕಿಂತ ಕಡಿಮೆ ಇದ್ದರೆ ಭಾಗಿಸಿದಾಗ ಸೊನ್ನೆ ಬರುತ್ತದೆ. ಹಳೆ ಸರಾಸರಿ 1,960, ಹೊಸ ರೀಡಿಂಗ್ 1,967. ವ್ಯತ್ಯಾಸ 7, ಭಾಗಿಸಿದರೆ 0. ಸರಾಸರಿ 1,960ರಲ್ಲೇ ಕೂರುತ್ತದೆ, ಎಷ್ಟು ದಿನವಾದರೂ ಮೇಲೇಳುವುದಿಲ್ಲ. ಪರಿಹಾರ ಸರಳ. ಸರಾಸರಿಯ ಬದಲು ಅದರ 8 ಪಟ್ಟನ್ನು ಮೆಮೊರಿಯಲ್ಲಿಡಿ. ಪ್ರತಿ ಸಲ ಆ ಮೊತ್ತದಿಂದ ಅದರ ಎಂಟನೇ ಒಂದು ಭಾಗ ಕಳೆದು, ಹೊಸ ರೀಡಿಂಗ್ ಕೂಡಿಸಿ. ಸರಾಸರಿ ಬೇಕಾದಾಗ ಮಾತ್ರ 8ರಿಂದ ಭಾಗಿಸಿ. ಮೊತ್ತ 15,680 ಇದ್ದರೆ, ಕಳೆದು ಕೂಡಿದಾಗ 15,687 ಆಗುತ್ತದೆ. ಆ 7 ಕಳೆದುಹೋಗದೆ ಮುಂದಿನ ಸಲಕ್ಕೆ ಉಳಿಯುತ್ತದೆ. ಬ್ಯಾಟರಿ ಉಳಿಸಲು ಬೋರ್ಡ್ ಗಾಢ ನಿದ್ದೆಗೆ, ಅಂದರೆ ಡೀಪ್ ಸ್ಲೀಪ್‌ಗೆ ಹೋದರೂ ಅಳಿಯದ ಹಾಗೆ ಈ ಮೊತ್ತವನ್ನು ಆರ್‌ಟಿಸಿ ಮೆಮೊರಿಯಲ್ಲಿಡಿ.

ಈಗ ತಡದ ಮಾತು. 15 ನಿಮಿಷಕ್ಕೊಂದು ರೀಡಿಂಗ್, ಎಂಟರಲ್ಲಿ ಒಂದು ಪಾಲು. ಇಂಥ ಫಿಲ್ಟರ್ ನಿಜ ಸ್ಥಿತಿಗಿಂತ ಸುಮಾರು 2 ಗಂಟೆ ಹಿಂದೆ ಇರುತ್ತದೆ. ಈ ಸರಾಸರಿ ಹದದ ಗುರುತಿಗೆ ಬಂದಾಗ ಮೋಟರ್ ನಿಲ್ಲಿಸಿ ಅಂತ ಕೋಡ್ ಬರೆದರೆ ಏನಾಗುತ್ತದೆ? ಮಣ್ಣು ತುಂಬಿದ ಮೇಲೂ ಇನ್ನೆರಡು ಗಂಟೆ ನೀರು ಹೋಗುತ್ತದೆ. ನಮ್ಮ 20 ಗುಂಟೆಯಲ್ಲಿ ಅದು ಸುಮಾರು 13,500 ಲೀಟರ್, ಅಂದರೆ ಒಂದು ಇಡೀ ದಿನದ ನೀರು. ಗ್ರಾಫ್ ಮಾತ್ರ ತುಂಬಾ ಚಂದ ಕಾಣುತ್ತದೆ.

ಫಿಲ್ಟರ್ ತೆಗೆದುಹಾಕಿದರೂ ಪೂರ್ತಿ ಸರಿಹೋಗುವುದಿಲ್ಲ. ಡ್ರಿಪ್ಪರ್‌ನಿಂದ ಬಿದ್ದ ನೀರು ಸೆನ್ಸರ್ ಮುಟ್ಟಲು ಹೊತ್ತು ಬೇಕು, ಮೋಟರ್ ನಿಂತ ಮೇಲೂ ನೀರು ಕೆಳಗಿಳಿಯುತ್ತಲೇ ಇರುತ್ತದೆ. ಹಾಗಾಗಿ ನನ್ನ ಖಚಿತ ಸಲಹೆ: ಶುರು ಮಾಡುವುದನ್ನು ಸೆನ್ಸರ್ ಹೇಳಲಿ, ನಿಲ್ಲಿಸುವುದನ್ನು ಲೀಟರ್ ಹೇಳಲಿ. ಹಂತ 2ರಲ್ಲಿ ಬಂದ ಮಿ.ಮೀ.ಗೆ ಎಷ್ಟು ಲೀಟರ್ ಆಗುತ್ತದೋ ಅಷ್ಟು ಹೋದ ಕೂಡಲೇ ನಿಲ್ಲಿಸಿ. ಶುರು ಮಾಡುವ ತೀರ್ಮಾನಕ್ಕೆ 2 ಗಂಟೆ ತಡದಿಂದ ಏನೂ ನಷ್ಟವಿಲ್ಲ.

ಇನ್ನೊಂದು ವಿಷಯ. ಮಧ್ಯಾಹ್ನದ ಬಿಸಿಗೆ ಸೆನ್ಸರ್ ರೀಡಿಂಗ್ ಸ್ವಲ್ಪ ಸರಿಯುತ್ತದೆ, ರಾತ್ರಿ ವಾಪಸ್ ಬರುತ್ತದೆ. ಇದಕ್ಕೆ ಟೆಂಪರೇಚರ್ ಸೆನ್ಸರ್ ಹಾಕಿ ತಿದ್ದುವ ಸೂತ್ರ ಬರೆಯಬಹುದು. ಅದಕ್ಕಿಂತ, ದಿನಾ ಬೆಳಗಿನ ಜಾವ 5ರಿಂದ 6ರೊಳಗಿನ ಸರಾಸರಿಯನ್ನು ಮಾತ್ರ ತೀರ್ಮಾನಕ್ಕೆ ಬಳಸಿ. ಆ ಹೊತ್ತಿನಲ್ಲಿ ಮಣ್ಣಿನ ಬಿಸಿ ದಿನದಿಂದ ದಿನಕ್ಕೆ ಅಷ್ಟಾಗಿ ಬದಲಾಗುವುದಿಲ್ಲ.

ಹಂತ 7: ಬ್ಯಾಟರಿ

ವೈಫೈ ಹಾಕಿಕೊಂಡೇ ಎದ್ದಿರುವ ಬೋರ್ಡ್ ಸರಾಸರಿ 100 ಮಿಲಿಆಂಪ್ ಕುಡಿದರೆ ದಿನಕ್ಕೆ 2,400 ಮಿಲಿಆಂಪ್-ಅವರ್. 2,000ದ ಒಂದು ಸೆಲ್ ಒಂದು ದಿನವೂ ಬರುವುದಿಲ್ಲ.

ಅದೇ ಬೋರ್ಡ್ ದಿನಕ್ಕೆ 96 ಸಲ ಎದ್ದು, 0.6 ಸೆಕೆಂಡ್ ಕೆಲಸ ಮಾಡಿ ಮಲಗಲಿ. 45 ಮಿಲಿಆಂಪ್ ಹಿಡಿದರೆ ಖರ್ಚು 0.72. ದಿನಕ್ಕೆ 6 ಸಲ ಮಾತ್ರ 3 ಸೆಕೆಂಡ್ ವೈಫೈ, 120 ಮಿಲಿಆಂಪ್‌ನಂತೆ 0.6. ನಿದ್ದೆಯಲ್ಲಿ 0.05 ಮಿಲಿಆಂಪ್ ಎಂದರೆ 1.2. ಒಟ್ಟು ದಿನಕ್ಕೆ 2.5. ಕಾಗದದ ಮೇಲೆ ಎರಡು ವರ್ಷ ದಾಟುತ್ತದೆ. ಸೆಲ್ ತಾನಾಗಿ ಇಳಿಯುವುದು, ಬಿಸಿಲು ಎಲ್ಲ ಕಳೆದು ಒಂದು ವರ್ಷ ಅಂತ ನಂಬಿ.

ಇಲ್ಲಿ ಅತಿ ದೊಡ್ಡ ಪಾಲು ನಿದ್ದೆಯದೇ ಅಲ್ವಾ? ಹಾಗಾಗಿ ಕೋಡ್ ತಿದ್ದುವ ಮೊದಲು ಬೋರ್ಡ್ ನೋಡಿ. ಸದಾ ಉರಿಯುವ ಪವರ್ ಎಲ್ಇಡಿ, ಯುಎಸ್‌ಬಿ ಚಿಪ್, ಹಳೆಯ ರೆಗ್ಯುಲೇಟರ್ ಇರುವ ಬೋರ್ಡ್‌ನಲ್ಲಿ ಚಿಪ್ ಮಲಗಿದರೂ ಬೋರ್ಡ್ ಮಲಗುವುದಿಲ್ಲ. ಮಲ್ಟಿಮೀಟರ್ ಇಟ್ಟು ನಿದ್ದೆಯ ಕರೆಂಟ್ ಅಳೆದೇ ಬೋರ್ಡ್ ಆರಿಸಿ.

ವೈಫೈ ತಲುಪದಿದ್ದರೆ ದೂರಕ್ಕೆ ಸಂದೇಶ ಕಳಿಸುವ ಲೋರಾ ರೇಡಿಯೊ ಬಳಸಿ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. ಮಾಡ್ಯೂಲ್ ಕೊಳ್ಳುವಾಗ ಈ ಬ್ಯಾಂಡ್‌ನದೇ ಕೇಳಿ.

ಹಂತ 8: ನೀರಿನ ಹರಿವು ಎಣಿಸುವುದು

ಮುಖ್ಯ ಪೈಪಿಗೆ ಪಲ್ಸ್ ಕೊಡುವ 2 ಇಂಚಿನ ವಾಟರ್ ಮೀಟರ್ ಹಾಕಿಸಿ. ಲೀಟರ್ ಲೆಕ್ಕ ಅಲ್ಲಿಂದ. ಜೊತೆಗೆ ಒಂದು ಲ್ಯಾಟರಲ್‌ಗೆ ಅರ್ಧ ಇಂಚಿನ ಅಗ್ಗದ ವೈಎಫ್-ಎಸ್201 ಸೆನ್ಸರ್ ಸೇರಿಸಿ. 50 ಮೀಟರ್ ಲ್ಯಾಟರಲ್‌ನಲ್ಲಿ 125 ಡ್ರಿಪ್ಪರ್, ಗಂಟೆಗೆ 250 ಲೀಟರ್, ನಿಮಿಷಕ್ಕೆ 4.2. ಈ ಸೆನ್ಸರ್ ಲೀಟರಿಗೆ ಸುಮಾರು 450 ಪಲ್ಸ್ ಕೊಡುತ್ತದೆ, ಅಂದರೆ ಸೆಕೆಂಡಿಗೆ 31. ಹತ್ತು ಸೆಕೆಂಡ್ ಎಣಿಸಿದರೆ 310ರ ಸುತ್ತ ಬರಬೇಕು.

ಸಂಖ್ಯೆ ದಿನದಿಂದ ದಿನಕ್ಕೆ ಇಳಿಯುತ್ತಾ ಬಂದರೆ ಫಿಲ್ಟರ್ ಅಥವಾ ಡ್ರಿಪ್ಪರ್ ಕಟ್ಟುತ್ತಿದೆ. ಒಮ್ಮೆಲೇ ಏರಿದರೆ ಇಲಿ ಅಥವಾ ಅಳಿಲು ಪೈಪ್ ಕಡಿದಿದೆ. ನೂರಕ್ಕೆ 10 ಬದಲಾದರೆ ಫೋನಿಗೆ ಮೆಸೇಜ್ ಬರುವ ಹಾಗೆ ಮಾಡಿ. ಇದಕ್ಕೆ ಅಲೆಗಳನ್ನೆಲ್ಲ ಬಿಡಿಸಿ ನೋಡುವ ಎಫ್‌ಎಫ್‌ಟಿ ಗಿಎಫ್‌ಟಿ ಏನೂ ಬೇಡ, ಎಣಿಕೆ ಸಾಕು.

ಮೋಟರ್ ನೀರಿಲ್ಲದೆ ಒಣ ಓಡುತ್ತಿದೆಯಾ ಅಂತ ತಿಳಿಯಲು ವೈರಿನ ಕರೆಂಟ್ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್ ಹಾಕುವುದಿದ್ದರೆ ಮಾತ್ರ ಸ್ವಲ್ಪ ಲೆಕ್ಕ ಬೇಕು. ಆಗಲೂ ನಮಗೆ ಬೇಕಿರುವುದು 50 ಹರ್ಟ್ಸ್ ಒಂದೇ. ಗೊರ್ಟ್‌ಝೆಲ್ ವಿಧಾನದಲ್ಲಿ (ಒಂದೇ ಹರ್ಟ್ಸ್‌ನ ಅಲೆ ಎಷ್ಟಿದೆ ಅಂತ ಅಳೆಯುವ ಲೆಕ್ಕ) ಎರಡು ಹಳೆ ಸಂಖ್ಯೆ ನೆನಪಿಟ್ಟರೆ ಸಾಕು. ಸೆಕೆಂಡಿಗೆ 1,000 ಸ್ಯಾಂಪಲ್‌ನಂತೆ 100 ಸ್ಯಾಂಪಲ್ ತೆಗೆದರೆ ಸರಿಯಾಗಿ 5 ಅಲೆ ಸಿಗುತ್ತದೆ, ಗುಣಕ 1.902. ನೀರು ಬತ್ತಿದಾಗ ಮೋಟರಿನ ಕರೆಂಟ್ ಇಳಿಯುತ್ತದೆ. ಅದನ್ನು ಹಿಡಿದು ನಿಲ್ಲಿಸಿದರೆ ಮೋಟರ್ ಸುಡುವುದು ತಪ್ಪುತ್ತದೆ.

ಹಂತ 9: ಮೋಟರಿಗೆ ಜೋಡಿಸುವಾಗ

ಸ್ಟಾರ್ಟರ್ ಒಳಗೆ 415 ವೋಲ್ಟ್ ಇರುತ್ತದೆ. ಬೋರ್ಡ್ ಹೇಳಿದಾಗ ಮೋಟರ್ ಆನ್-ಆಫ್ ಮಾಡುವ ರಿಲೇ ಸ್ವಿಚ್ ಜೋಡಣೆಯನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ವಾಲ್ವ್ ಮುಚ್ಚಿ ಮೋಟರ್ ಓಡಿಸಬೇಡಿ. ಕೈಯಿಂದ ಆನ್-ಆಫ್ ಮಾಡುವ ಸ್ವಿಚ್ ಮೊದಲಿನ ಹಾಗೇ ಇರಲಿ.

ಕೋಡ್‌ನಲ್ಲಿ ಮೂರು ಕಾವಲು ಬೇಕು. ಎಂಥ ಸ್ಥಿತಿಯಲ್ಲೂ ದಿನಕ್ಕೆ ಇಷ್ಟು ಲೀಟರ್ ದಾಟಬಾರದು. ರೀಡಿಂಗ್ 0 ಅಥವಾ 4,095 ಆದರೆ ವೈರ್ ಕಿತ್ತಿದೆ ಅಂತ ತಿಳಿದು ಹಂತ 2ರ ಟೈಮಿಂಗ್‌ಗೆ ಮರಳಬೇಕು. ನಡುವೆ ಕರೆಂಟ್ ಹೋಗಿ ಬಂದರೆ ಮೊದಲಿಂದ ಎಣಿಸದೆ, ಉಳಿದ ಲೀಟರ್ ಮಾತ್ರ ಬಿಡಬೇಕು. ಕೊನೆಯದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಕರೆಂಟ್ ಮೂರು ಸಲ ಹೋದ ದಿನ ಆಗುವ ನಷ್ಟ ದೊಡ್ಡದು.

ಹಂತ 10: 30 ಸೆಂ.ಮೀ. ಸೆನ್ಸರ್ ಹೇಳಿದ ಹಾಗೆ ತಿದ್ದುತ್ತಾ ಹೋಗಿ

ಇಷ್ಟು ಹೊತ್ತು ಸುಮ್ಮನಿದ್ದ ಕೆಳಗಿನ ಸೆನ್ಸರ್‌ಗೆ ಈಗ ಕೆಲಸ. ನೀರು ಬಿಟ್ಟ ಮೇಲೆ ಪ್ರತಿ ಸಲವೂ 30 ಸೆಂ.ಮೀ.ನ ರೀಡಿಂಗ್ ಒದ್ದೆಯ ಕಡೆಗೆ ಜಿಗಿಯುತ್ತಿದ್ದರೆ, ನೀರು ಬೇರು ದಾಟಿ ಕೆಳಗೆ ಹೋಗುತ್ತಿದೆ. ಜೊತೆಗೆ ನೀವು ಡ್ರಿಪ್‌ನಲ್ಲಿ ಬಿಟ್ಟ ಯೂರಿಯಾ ಕೂಡ. ದಿನದ ಲೀಟರ್‌ನಲ್ಲಿ ನೂರಕ್ಕೆ 10 ಕಡಿಮೆ ಮಾಡಿ, ನಾಲ್ಕೈದು ದಿನ ನೋಡಿ, ಮತ್ತೆ ಬೇಕಿದ್ದರೆ ಕಡಿಮೆ ಮಾಡಿ. ಕೆಳಗಿನದು ದಿನೇ ದಿನೇ ಒಣಗುತ್ತಾ ಹೋದರೆ ಅಷ್ಟೇ ಹೆಚ್ಚಿಸಿ. ಅದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತರೆ ಲೆಕ್ಕ ಕೂತಿದೆ.

ತಿದ್ದುವ ಮೊದಲ ದಿನಗಳಲ್ಲಿ ಗುದ್ದಲಿ ಹಿಡಿದು ಒಂದೆರಡು ಕಡೆ ಅಗೆದು ನೋಡಿ. ಆ ಆಳದ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ. ಉಂಡೆ ಕಟ್ಟಿ, ಬೆರಳಿನಿಂದ ಒತ್ತಿದರೆ ಒಡೆದರೆ ಹದವಿದೆ. ಕೈಗೆ ನೀರು ಅಂಟಿದರೆ ಜಾಸ್ತಿಯಾಗಿದೆ. ಕೈ ಹೇಳಿದ್ದಕ್ಕೂ ಸೆನ್ಸರ್ ಹೇಳಿದ್ದಕ್ಕೂ ತಾಳೆ ಬೀಳದಿದ್ದರೆ ಹಂತ 4ಕ್ಕೆ ವಾಪಸ್ ಹೋಗಿ.

ಬೆಳೆ ಮುಗಿದಾಗ ಸೆನ್ಸರ್ ಕಿತ್ತು, ತೊಳೆದು, ನೆರಳಲ್ಲಿ ಒಣಗಿಸಿ. ಗಾಳಿಯಲ್ಲಿ ಮತ್ತು ಲೋಟದ ನೀರಿನಲ್ಲಿ ಹೊಸದಿದ್ದಾಗ ಬಂದ ಸಂಖ್ಯೆಗಳನ್ನು ಅದರ ವೈರಿಗೆ ಚೀಟಿ ಕಟ್ಟಿ ಬರೆದಿಟ್ಟಿರಿ. ಈಗಿನ ಸಂಖ್ಯೆ ಅದರಿಂದ ನೂರಕ್ಕೆ 5ಕ್ಕಿಂತ ಜಾಸ್ತಿ ಸರಿದಿದ್ದರೆ ಆ ಸೆನ್ಸರ್ ಬದಲಾಯಿಸಿ. ಇಲ್ಲದಿದ್ದರೆ ಎಪಾಕ್ಸಿ ಮತ್ತೊಂದು ಪದರ ಬಳಿದು ಮುಂದಿನ ನಾಟಿಗೆ ಎತ್ತಿಡಿ.